ಐದು ಕಸುಬು ಕೈಗೆ ಹತ್ತಿದೆ, ಯಾವುದನ್ನ ಹಿಡೀಬೇಕು? ಕಸೂತಿ, ಕುಚ್ಚು, ಮಣ್ಣು, ಬಣ್ಣ, ಕೌದಿ ಪಕ್ಕಪಕ್ಕ ಇಟ್ಟು ನೋಡಿದ್ದು

ಕಸೂತಿನೂ ಹಾಕ್ತೀರಾ, ಸೀರೆ ಕುಚ್ಚೂ ಕಟ್ತೀರಾ, ಮಣ್ಣಿನ ಓಲೆನೂ ಮಾಡ್ತೀರಾ, ಯಾವುದಾದ್ರೂ ಒಂದನ್ನ ಗಟ್ಟಿಯಾಗಿ ಹಿಡ್ಕೋಬಾರ್ದಾ ಅಂತ ನನ್ನ ಕೇಳದೇ ಇರೋರೇ ಕಡಿಮೆ. ಹದಿನಾಲ್ಕು ವರ್ಷದಿಂದ ಕೇಳ್ತಾ ಬಂದಿದೀನಿ. ಈಗ ನನ್ನ ಹತ್ರ ಕಲಿಯೋಕೆ ಬರೋ ಹುಡುಗಿಯರು ಅದೇ ಪ್ರಶ್ನೇನ ತಿರುಗಿಸಿ ಕೇಳ್ತಾರೆ, ಅಕ್ಕಾ ನಂಗೆ ನಾಲ್ಕು ಕೆಲಸ ಬರತ್ತೆ, ಯಾವುದರಲ್ಲಿ ಮುಂದೆ ಹೋಗ್ಲಿ ಅಂತ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಬಿಡುವಾದಾಗ ಓದಿ.

ಮೊದಲೇ ಹೇಳಿಬಿಡ್ತೀನಿ, ಯಾವುದು ಇಷ್ಟ ಅಥವಾ ಯಾವುದು ಜಾಸ್ತಿ ಮಾರಾಟ ಆಗತ್ತೆ ಅನ್ನೋದ್ರಿಂದ ಹೋಲಿಕೆ ಶುರು ಮಾಡಿದ್ರೆ ಉತ್ತರ ಸಿಗಲ್ಲ. ಇಷ್ಟ ಎಲ್ಲದೂ ಇರತ್ತೆ, ಅದಕ್ಕೇ ತಾನೇ ಐದು ಕಲ್ತಿದ್ದು. ಮಾರಾಟ ಊರಿಂದ ಊರಿಗೆ, ಹಬ್ಬದಿಂದ ಹಬ್ಬಕ್ಕೆ ಬೇರೆ. ನಾನು ಕೇಳೋ ಪ್ರಶ್ನೆ ಬೇರೆ: ಕೆಲಸದ ಮಧ್ಯದಲ್ಲಿ ಬಾಗಿಲು ಬಡಿದ್ರೆ, ಕುಕ್ಕರ್ ಕೂಗಿದ್ರೆ, ಮಗು ಎದ್ರೆ, ಕೈಯಲ್ಲಿರೋದನ್ನ ಕೆಳಗಿಟ್ಟು ಏಳಬಹುದಾ? ಎದ್ದು ವಾಪಸ್ ಬಂದಾಗ ಅದು ಹಾಗೇ ಇರತ್ತಾ, ಇಲ್ಲ ಕೆಟ್ಟಿರತ್ತಾ? ಮನೇಲಿ ಕೂತು ಕೈಕೆಲಸ ಮಾಡೋರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ, ಆದ್ರೆ ಯಾವ ಕ್ಲಾಸಲ್ಲೂ ಇದನ್ನ ಹೇಳ್ಕೊಡಲ್ಲ.

ಕಾಯೋ ಕೆಲಸ, ಕಾಯದ ಕೆಲಸ

ಕಸೂತಿಯಿಂದ ಶುರು ಮಾಡ್ತೀನಿ, ನನಗೆ ಮೊದಲು ಬಂದಿದ್ದು ಅದೇ. ಧಾರವಾಡದ ಕಡೆ ಹುಟ್ಟಿದವಳು ನಾನು, ನಮ್ಮವ್ವ ಮಧ್ಯಾಹ್ನ ಪಡಸಾಲೇಲಿ ಕೂತು ಇಳಕಲ್ ಸೀರೆ ಸೆರಗಿಗೆ ಹಾಕ್ತಿದ್ಲು. ಪೆನ್ಸಿಲಲ್ಲಿ ಡಿಸೈನ್ ಬರೆಯೋ ಹಾಗಿಲ್ಲ, ಬಟ್ಟೆ ಎಳೆ ಎಣಿಸೇ ಹಾಕ್ಬೇಕು, ಹಿಂದೆ ಗಂಟೂ ಇರಬಾರ್ದು. "ಎಳಿ ಎಣಸವ್ವಾ, ಗಂಟು ಹಾಕಬ್ಯಾಡ, ಹಿಂದ ಮುಂದ ಒಂದ ಥರಾ ಕಾಣಬೇಕು" ಅನ್ನೋಳು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕೇ ಹೊಲಿಗೆ. ಗವಂತಿ ಅಂದ್ರೆ ಒಂದು ಸಲ ಎಳೆ ಬಿಟ್ಟು ಎಳೆ ಹಾಕ್ತಾ ಮುಂದೆ ಹೋಗೋದು, ಆಮೇಲೆ ಅದೇ ದಾರೀಲಿ ವಾಪಸ್ ಬರ್ತಾ ಖಾಲಿ ಜಾಗ ತುಂಬೋದು. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗತ್ತೆ, ಇವೆರಡರಲ್ಲೂ ಹಿಂದೆ ಮುಂದೆ ಒಂದೇ ಥರ ಕಾಣತ್ತೆ. ನೇಗಿ ನೋಡೋಕೆ ನೆಯ್ದ ಹಾಗೆ, ಮೆಂತಿ ಅಂದ್ರೆ ಕ್ರಾಸ್. ಹೋಗೋ ದಾರೀಲಿ ಒಂದು ಎಳೆ ತಪ್ಪಿದ್ರೆ ಬರೋ ದಾರೀಲಿ ಗೊತ್ತಾಗ್ಬಿಡತ್ತೆ, ಬಿಚ್ಚಿ ಮತ್ತೆ ಹಾಕ್ಬೇಕು.

ಆದ್ರೆ ಕಸೂತಿ ಕಾಯತ್ತೆ. ಸೂಜಿ ಬಟ್ಟೆಗೆ ಸಿಕ್ಕಿಸಿ ಎದ್ದು ಹೋಗಿ ಮೂರು ದಿನ ಬಿಟ್ಟು ಬಂದ್ರೂ ಏನೂ ಆಗಲ್ಲ. ಒಂದೇ ಒಂದು ಎಚ್ಚರ, ವಾಪಸ್ ಬರೋ ಸಾಲು ಪೂರ್ತಿ ಮಾಡಿ ನಿಲ್ಲಿಸಿದ್ರೆ ಒಳ್ಳೇದು, ಅರ್ಧ ದಾರೀಲಿ ನಿಲ್ಲಿಸಿದ್ರೆ ಎಲ್ಲಿಗೆ ತಿರುಗಬೇಕಿತ್ತು ಅನ್ನೋದು ಮರೆತು ಹೋಗತ್ತೆ, ಅದಕ್ಕೆ ನಾನು ಒಂದು ಚೀಟೀಲಿ ಬರೆದು ಪಿನ್ ಹಾಕಿಡ್ತೀನಿ. ಬಸ್ಸಲ್ಲಿ, ಆಸ್ಪತ್ರೆ ಕ್ಯೂನಲ್ಲಿ, ಮಕ್ಕಳ ಟ್ಯೂಷನ್ ಹೊರಗಡೆ, ಎಲ್ಲಿ ಬೇಕಾದ್ರೂ ಆಗತ್ತೆ. ಬೇಡೋದು ಎರಡೇ, ಬೆಳಕು ಮತ್ತೆ ಕಣ್ಣು. ರಾತ್ರಿ ಟ್ಯೂಬ್‌ಲೈಟಲ್ಲಿ ಕಪ್ಪು ಬಟ್ಟೆ ಮೇಲೆ ಮಾತ್ರ ಹಾಕ್ಬೇಡಿ, ನಲವತ್ತು ದಾಟಿದ ಮೇಲೆ ಅದರ ಬಿಸಿ ಗೊತ್ತಾಗತ್ತೆ.

ಕುಚ್ಚು ಅರ್ಧ ಕಾಯತ್ತೆ. ಸೆರಗಿನ ಕೊನೆ ಎಳೆಗಳನ್ನ ಬಿಡಿಸಿ, ಅಂತರ ಅಳೆದು, ಸಿಲ್ಕ್ ದಾರ ಸೇರಿಸಿ ಗಂಟು ಹಾಕಿ ಮಣಿ ಪೋಣಿಸೋದು. ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು ನಿಜ, ಆದ್ರೆ ಸೀರೆ ಬೇರೆಯವ್ರದ್ದು. ಮೂವತ್ತು ಸಾವಿರದ ರೇಷ್ಮೆ ಸೀರೆ ನಿಮ್ಮ ಮನೇಲಿ ಇದೆ ಅಂದ್ರೆ ಎಣ್ಣೆ ಕೈ, ಅರಿಶಿನದ ಕೈ, ಬೆಕ್ಕು, ಮಗು ಎಲ್ಲದರಿಂದ ಕಾಯ್ಬೇಕು. ಅದೂ ಅಲ್ದೆ ತಾರೀಖು ಇರತ್ತೆ. ಮದುವೆ ಶುಕ್ರವಾರ ಅಂದ್ರೆ ಗುರುವಾರ ಕೊಡ್ಲೇಬೇಕು, ಜ್ವರ ಬಂದ್ರೂ ಕೊಡ್ಬೇಕು. ಕೆಲಸ ಕಾಯತ್ತೆ, ಗಿರಾಕಿ ಕಾಯಲ್ಲ.

ಮಣ್ಣು ಮಾತ್ರ ಯಾರನ್ನೂ ಕಾಯಲ್ಲ. ಟೆರಾಕೋಟಾ ಜುಮಕಿ ಮಾಡ್ತಾ ಮಧ್ಯದಲ್ಲಿ ಫೋನ್ ಬಂತು ಅಂತ ಅರ್ಧ ಗಂಟೆ ಮಾತಾಡಿದ್ರೆ ಮುಗೀತು, ಅಂಚು ಒಣಗಿ ಬಿರುಕು ಬಿಡತ್ತೆ, ಇನ್ನೊಂದು ಕಿವಿದು ಇದರ ಅಳತೆಗೆ ಬರಲ್ಲ. ಯಾಕಂದ್ರೆ ಮಣ್ಣು ಒಣಗ್ತಾ ಕುಗ್ಗತ್ತೆ, ಸುಟ್ಟಾಗ ಮತ್ತೆ ಕುಗ್ಗತ್ತೆ, ಜೋಡಿ ಎರಡೂ ಒಂದೇ ಹದದ ಮಣ್ಣಲ್ಲಿ ಒಂದೇ ಕೂತಲ್ಲಿ ಆಗ್ಬೇಕು. ಒದ್ದೆ ಬಟ್ಟೆ ಮುಚ್ಚಿ, ಡಬ್ಬೀಲಿಟ್ಟು ಸ್ವಲ್ಪ ಹೊತ್ತು ಸಮಾಧಾನ ಮಾಡಬಹುದು ಅಷ್ಟೇ. ಅದೇ ಮಾಡಿ ಮುಗಿಸಿದ ಮೇಲೆ ತದ್ವಿರುದ್ಧ, ಐದಾರು ದಿನ ನೆರಳಲ್ಲಿ ಮುಟ್ಟದೇ ಬಿಡ್ಬೇಕು, ಬಿಸಿಲಿಗಿಟ್ಟು ಅವಸರ ಮಾಡಿದ್ರೆ ಸೊಟ್ಟಗಾಗತ್ತೆ. ಒಳಗೆ ಪಸೆ ಇರುವಾಗಲೇ ಸುಟ್ರೆ ಆ ನೀರು ಆವಿಯಾಗಿ ಪಟ್ ಅಂತ ಸಿಡಿಯತ್ತೆ. ನಾನು ಮೊದಲನೇ ಸಲ ಮಡಿಕೇಲಿ ಭತ್ತದ ಹೊಟ್ಟು, ಬೆರಣಿ ತುಂಬಿ ಸುಟ್ಟಾಗ 24 ಜೋಡೀಲಿ 9 ಉಳೀತು. ಅವತ್ತು ತಾರಸಿ ಮೇಲೆ ಕೂತು ಅತ್ತಿದ್ದು ಇನ್ನೂ ನೆನಪಿದೆ. ಮಳೆಗಾಲದಲ್ಲಿ ಐದು ದಿನದ ಒಣಗೋದು ಹತ್ತಾಗತ್ತೆ, ಅದಕ್ಕೆ ಜೂನ್ ಜುಲೈಲಿ ನಾನು ಮಣ್ಣಿನ ಆರ್ಡರ್ ತಾರೀಖು ಹೇಳಿ ಒಪ್ಕೊಳ್ಳೋದೇ ಇಲ್ಲ.

ಬಣ್ಣ ಹಾಕೋದು ಇನ್ನೂ ಕಟ್ಟುನಿಟ್ಟು, ಇಡೀ ದಿನ ಕೇಳತ್ತೆ. ಹತ್ತಿ ಬಟ್ಟೇನ ವಾಷಿಂಗ್ ಸೋಡಾ ಹಾಕಿ ಕುದಿಸಿ ಗಂಜಿ, ಜಿಡ್ಡು ತೆಗೀಬೇಕು, ಆಮೇಲೆ ಅಳಲೆಕಾಯಿ ನೀರು, ಆಮೇಲೆ ಪಟಕ (ಆಲಂ), ಆಮೇಲೆ ಬಣ್ಣ. ಹತ್ತಿ ಸುಮ್ನೆ ಬಣ್ಣ ಹಿಡಿಯಲ್ಲ, ಅಳಲೆಕಾಯಿಯ ಒಗರು ಹಿಡ್ಕೊಂಡ ಮೇಲೆ ಪಟಕ ಕೂರತ್ತೆ, ಪಟಕ ಕೂತ ಮೇಲೆ ಬಣ್ಣ ಕೂರತ್ತೆ, ಒಂದು ಹಂತ ಹಾರಿಸಿದ್ರೆ ಎರಡನೇ ಒಗೆತಕ್ಕೆ ಎಲ್ಲಾ ಹೊರಟು ಹೋಗತ್ತೆ. ಮಲೆನಾಡಿನ ಅಡಿಕೆ ಚೊಗರು ಸಿಕ್ಕಿದ್ರೆ ಬಿಡ್ಬೇಡಿ, ಅಡಿಕೆ ಬೇಯಿಸಿ ಉಳಿದ ಆ ಗಟ್ಟಿ ನೀರಿನ ಕೆಂಪು ಕಂದು ಬಣ್ಣಕ್ಕೆ ಸಮ ಇಲ್ಲ. ಹೆಗ್ಗೋಡಿನ ಹತ್ರ ಭೀಮನಕೋಣೆಯ ಚರಕ ಸಂಸ್ಥೆಯವ್ರು ಕೈಮಗ್ಗದ ಬಟ್ಟೆಗೆ ಇಂಥ ಬಣ್ಣಗಳನ್ನ ಹಾಕಿದ್ದು ನೋಡಿದ ಮೇಲೇ ನನಗೆ ಇದರ ಹುಚ್ಚು ಹಿಡಿದಿದ್ದು. ನೀಲಿ ಕಥೆ ಬೇರೆ, ಅದಕ್ಕೆ ಪಟಕ ಬೇಡ, ಆದ್ರೆ ನೀಲಿ ತೊಟ್ಟಿ ಹುಳಿ ಬಂದು ಹದವಾಗಿರಬೇಕು. ಬಟ್ಟೆ ಅದ್ದಿ ತೆಗೆದಾಗ ಹಳದಿ ಹಸಿರಾಗಿರತ್ತೆ, ಗಾಳಿ ತಾಗಿದ ಹಾಗೆ ಕಣ್ಣೆದುರಿಗೇ ನೀಲಿ ಆಗತ್ತೆ. ಎಷ್ಟು ಸಲ ನೋಡಿದ್ರೂ ನನಗೆ ಮೈ ಜುಂ ಅನ್ನತ್ತೆ. ಆದ್ರೆ ಅವತ್ತು ಅಡುಗೆ ಇಲ್ಲ, ಫೋನ್ ಇಲ್ಲ, ಬೇರೆಯವರ ಸೀರೆ ಅಂತೂ ಮನೇಲಿ ಇರ್ಲೇಬಾರ್ದು. ಬಣ್ಣದ ಪಾತ್ರೆ ಅಡುಗೆಗೆ ವಾಪಸ್ ಬರಬಾರ್ದು, ಇದು ಮನೇಲಿ ಎಲ್ಲರಿಗೂ ಹೇಳಿ. ನೀರೂ ನೋಡ್ಕೊಳ್ಳಿ, ಬೋರ್‌ವೆಲ್ ನೀರಲ್ಲಿ ಕಬ್ಬಿಣದಂಶ ಇದ್ರೆ ಎಲ್ಲಾ ಬಣ್ಣಾನೂ ಮಂಕಾಗತ್ತೆ.

ಕೌದಿ, ಅಂದ್ರೆ ಹಳೇ ಬಟ್ಟೆ ಪದರ ಸೇರಿಸಿ ಹೊಲಿಯೋ ಹೊದಿಕೆ, ಅದರ ಬಗ್ಗೆ ಆಮೇಲೆ ಹೇಳ್ತೀನಿ, ಅದಕ್ಕೆ ಬೇರೆ ಜಾಗ ಇದೆ.

ಈಗ ಗಮನಿಸಿ. ಮಣ್ಣು ಐದು ದಿನ ಒಣಗ್ಬೇಕು, ಆ ಐದು ದಿನ ನೀವೇನು ಮಾಡ್ತೀರಾ? ಮಣ್ಣು ಒಂದೇ ಬರೋರು ಮತ್ತೆ ಮಣ್ಣೇ ಮಾಡ್ತಾರೆ, ಒಣಗಿಸೋ ಜಾಗ ತುಂಬಿ ಹೋಗತ್ತೆ. ನಾನು ಆ ಐದು ದಿನ ಕುಚ್ಚು ಕಟ್ತೀನಿ. ಬಟ್ಟೆ ಅಳಲೆಕಾಯಿ ನೀರಲ್ಲಿ ನೆನೀತಿರೋ ರಾತ್ರಿ ಕಸೂತಿ ಹಾಕ್ತೀನಿ. ಅಂದ್ರೆ ಕಾಯದ ಕೆಲಸ ಒಂದು, ಕಾಯೋ ಕೆಲಸ ಒಂದು, ಈ ಜೋಡಿ ಕೂಡಿಸಿದ್ರೆ ತಿಂಗಳಲ್ಲಿ ವ್ಯರ್ಥ ಹೋಗೋ ದಿನಗಳೇ ಇರಲ್ಲ. ಹಲವು ಕೆಲಸ ಬರೋರಿಗೆ ಇರೋ ನಿಜವಾದ ಬಲ ಇದು. ಎರಡೂ ಕಾಯದ ಕೆಲಸ ಆಯ್ಕೆ ಮಾಡ್ಕೊಂಡ್ರೆ, ಅಂದ್ರೆ ಮಣ್ಣು ಮತ್ತೆ ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿ ಮಾಡೋ ಅಂಟು ದ್ರವ), ಅಥವಾ ಬಣ್ಣ ಮತ್ತೆ ಮಣ್ಣು, ಮನೆಯವರ ಜೊತೆ ಜಗಳ ಗ್ಯಾರಂಟಿ. ರೆಸಿನ್ ಎರಡು ಭಾಗ ಕಲಸಿದ ಮೇಲೆ ಗಡಿಯಾರ ನಿಮ್ಮ ಕೈಲಿ ಇಲ್ಲ, ಜೊತೆಗೆ ಅದರ ಹೊಗೆ ಒಳ್ಳೇದಲ್ಲ, ಗಾಳಿ ಆಡೋ ಜಾಗ, ಗ್ಲೌಸ್, ಮಾಸ್ಕ್ ಬೇಕೇ ಬೇಕು. ನಾನು ಆರು ತಿಂಗಳು ಮಾಡಿ ಬಿಟ್ಟೆ.

ಗಂಟೆಗೆ ಎಷ್ಟು ಉಳಿಯತ್ತೆ

ಇಲ್ಲಿ ನನ್ನ ಸ್ವಂತ ಲೆಕ್ಕ ಕೊಡ್ತೀನಿ, ನಿಮ್ಮೂರಲ್ಲಿ ದರ ಬೇರೆ ಇರಬಹುದು, ಲೆಕ್ಕ ಹಾಕೋ ದಾರಿ ಮಾತ್ರ ಇದೇ ಇರಲಿ.

ಸಾದಾ ಕುಚ್ಚಿಗೆ ನಾನು 350 ರೂಪಾಯಿ ತಗೋತೀನಿ, ದಾರ ಮಣಿ 60 ಹೋಗತ್ತೆ, ಎರಡೂವರೆ ಗಂಟೆ ಹಿಡಿಯತ್ತೆ. 290ನ್ನ ಎರಡೂವರೆಯಿಂದ ಭಾಗಿಸಿದ್ರೆ ಗಂಟೆಗೆ 116. ಮಣ್ಣಿನ ಓಲೆ 20 ಜೋಡಿ ಒಂದು ಸುತ್ತಿಗೆ ಮಾಡ್ತೀನಿ, ಮೂರು ಒಡೀತು ಅಂತಿಟ್ಕೊಳ್ಳಿ, 17 ಜೋಡಿ 180ರ ಹಾಗೆ 3,060, ಮಣ್ಣು ಬಣ್ಣ ಕೊಂಡಿ ಸುಡೋ ಖರ್ಚು 500 ಕಳೆದ್ರೆ 2,560, ಒಟ್ಟು 14 ಗಂಟೆ, ಅಂದ್ರೆ ಗಂಟೆಗೆ ಸುಮಾರು 183. ಮೇಲ್ನೋಟಕ್ಕೆ ಮಣ್ಣೇ ಗೆದ್ದಿತು ಅಲ್ವಾ? ಆದ್ರೆ ಆ 17 ಜೋಡಿ ಮಾರೋಕೆ ಎರಡು ದಿನ ಸ್ಟಾಲಲ್ಲಿ 16 ಗಂಟೆ ನಿಂತೆ. ಆ ಗಂಟೇನೂ ಸೇರಿಸಿದ್ರೆ 2,560ನ್ನ 30ರಿಂದ ಭಾಗಿಸ್ಬೇಕು, 85 ಆಗತ್ತೆ, ಸ್ಟಾಲ್ ಬಾಡಿಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕುಚ್ಚಿಗೆ ಮಾರೋ ಗಂಟೆ ಅನ್ನೋದೇ ಇಲ್ಲ, ಸೀರೆ ತಗೊಂಡು ಗಿರಾಕೀನೇ ಮನೆಗೆ ಬರ್ತಾಳೆ. ನಮ್ಮ ಕಡೆ ಎಷ್ಟೋ ಮನೆಗಳು ಮಕ್ಕಳ ಫೀಸು ಕಟ್ಟೋದು ಕುಚ್ಚಿನ ದುಡ್ಡಲ್ಲಿ ಅನ್ನೋದಕ್ಕೆ ಕಾರಣ ಇದೇ. ಆದ್ರೆ ಟೈಲರ್ ಅಂಗಡಿ ಮೂಲಕ ಕೆಲಸ ತಗೊಂಡ್ರೆ ಈ ಲೆಕ್ಕ ಇಲ್ಲ, ಒಂದು ಅಂಗಡಿಯವ್ರು ಗಿರಾಕಿ ಹತ್ರ 500 ತಗೊಂಡು ನನಗೆ 150 ಕೊಡ್ತಿದ್ರು, ಎರಡು ವರ್ಷ ಗೊತ್ತೇ ಆಗ್ಲಿಲ್ಲ.

ಕಸೂತಿ ಲೆಕ್ಕ ನೋವಿಂದು. ಒಂದು ಸ್ಟೋಲ್‌ಗೆ ಬಟ್ಟೆ 350, ದಾರ 120, ಪ್ಯಾಕಿಂಗ್ 60, ಮೂವತ್ತು ಗಂಟೆ. ಗಂಟೆಗೆ ಬರೀ 60 ಅಂತ ಹಿಡಿದ್ರೂ 1,800, ಒಟ್ಟು 2,330. ಇದನ್ನ ಅಂಗಡೀಲಿಟ್ರೆ ನೂರಕ್ಕೆ 35 ಅವರದ್ದು ಅಂತಿಟ್ಕೊಳ್ಳಿ. ಇಲ್ಲಿ ನಾನು ತುಂಬಾ ದಿನ ತಪ್ಪು ಮಾಡಿದೆ, 2,330ಕ್ಕೆ 35 ಪರ್ಸೆಂಟ್ ಸೇರಿಸಿ 3,145 ಬೆಲೆ ಹಾಕ್ತಿದ್ದೆ. ಅವರು 35 ಕಳೆಯೋದು 3,145ರಲ್ಲಿ, ನನ್ನ ಕೈಗೆ ಬಂದಿದ್ದು 2,044 ಚಿಲ್ಲರೆ, ಪ್ರತಿ ಸ್ಟೋಲಲ್ಲೂ 285 ರೂಪಾಯಿ ನಾನೇ ಕಳ್ಕೊಂಡೆ. ಸರಿ ಲೆಕ್ಕ ಅಂದ್ರೆ 2,330ನ್ನ 0.65ರಿಂದ ಭಾಗಿಸ್ಬೇಕು, 3,585 ಬರತ್ತೆ. ಅಷ್ಟು ಬೆಲೆಗೆ ಸ್ಟೋಲ್ ತಗೊಳ್ಳೋರು ಇದಾರಾ ಅಂದ್ರೆ ಇದಾರೆ, ಆದ್ರೆ ಹಿಂದೆ ಮುಂದೆ ತಿರುಗಿಸಿ ತೋರಿಸಿ, ಇದು ಮಶೀನ್ ಅಲ್ಲ, ಎಳೆ ಎಣಿಸಿ ಹಾಕಿದ್ದು ಅಂತ ಹೇಳೋಕೆ ಅಲ್ಲಿ ಒಬ್ರು ಬೇಕು. ಅಂಗಡಿ ಕಪಾಟಲ್ಲಿ ಮಡಿಸಿಟ್ಟ ಸ್ಟೋಲ್ ಅದನ್ನ ತಾನೇ ಹೇಳಲ್ಲ. ಅದಕ್ಕೇ ಕಸೂತೀನ ನಾನು ಈಗ ಅಂಗಡಿಗೆ ಕೊಡಲ್ಲ, ಆರ್ಡರ್ ಮೇಲೆ ಬ್ಲೌಸ್ ತೋಳಿಗೆ, ಕುರ್ತಾ ಕತ್ತಿಗೆ ಮಾತ್ರ. ಚಿಕ್ಕ ಜಾಗ, ಆರೇಳು ಗಂಟೆ, ದಿನಾ ಕಣ್ಣಿಗೆ ಬೀಳೋ ಜಾಗ.

ಬದುಕೋ ದಾರಿಗಳು

ಮೊದಲನೇ ದಾರಿ, ಒಂದೇ ಕಸುಬು, ಇಡೀ ಆಯಸ್ಸು. ಬೀದರಿನ ಬಿದ್ರಿಯವ್ರು, ಕಿನ್ನಾಳದ ಚಿತ್ರಗಾರರು, ಚನ್ನಪಟ್ಟಣದ ಗೊಂಬೆಯವ್ರು ಹಾಗೆ ಬದುಕಿದ್ದು. ನನಗೆ ಅವರ ಮೇಲೆ ಬಹಳ ಗೌರವ, ಆದ್ರೆ ಹತ್ರ ಹೋಗಿ ನೋಡಿದ್ರೆ ಅದು ಒಂದು ಕೆಲಸ ಅಲ್ಲವೇ ಅಲ್ಲ. ಬಿದ್ರೀಲಿ ಸತು, ತಾಮ್ರ ಕರಗಿಸಿ ಎರಕ ಹೊಯ್ಯಬೇಕು, ಉಜ್ಜಬೇಕು, ಉಳಿಯಿಂದ ಚಿತ್ತಾರ ಕೊರೀಬೇಕು, ಬೆಳ್ಳಿ ತಂತಿ ಕೂರಿಸ್ಬೇಕು, ಕೊನೆಗೆ ಬೀದರ್ ಕೋಟೆಯ ಮಣ್ಣು ಹಾಕಿ ಕುದಿಸಿದಾಗ ಲೋಹ ಕಪ್ಪಾಗತ್ತೆ, ಬೆಳ್ಳಿ ಹಾಗೇ ಹೊಳೆಯತ್ತೆ. ಕಿನ್ನಾಳದ ಗೊಂಬೇಲಿ ಮರ ಕೆತ್ತೋದು ಒಂದು, ಮರದ ಪುಡಿ ಹುಣಸೆ ಬೀಜದ ಅಂಟಲ್ಲಿ ಕಲಸಿ ಮೈ ತುಂಬೋದು ಇನ್ನೊಂದು, ಬಣ್ಣ ಮತ್ತೊಂದು. ಚನ್ನಪಟ್ಟಣದಲ್ಲಿ ಲೇತ್ ಮೇಲೆ ಆಲೆ ಮರ ತಿರುಗ್ತಾ ಇರೋವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಾಟದ ಬಿಸಿಗೆ ಕರಗಿ ಕೂರತ್ತೆ, ಆಮೇಲೆ ತಾಳೆ ಗರಿ ಹಿಡಿದು ಹೊಳಪು ಕೊಡ್ತಾರೆ. ಅಂದ್ರೆ ಅವರಿಗೂ ನಾಲ್ಕೈದು ವಿದ್ಯೆ ಬರತ್ತೆ, ಎಲ್ಲಾ ಒಂದೇ ವಸ್ತುವಿನ ಮೇಲೆ ಬಂದು ಸೇರತ್ತೆ, ಅಷ್ಟೇ ವ್ಯತ್ಯಾಸ. ಇದನ್ನ ಅರ್ಥ ಮಾಡ್ಕೊಂಡ ದಿನ ನನ್ನ ದಾರಿ ನನಗೆ ಸಿಕ್ತು.

ಹಾಗೇ ಒಂದು ಮಾತು, ಈ ಹೆಸರುಗಳೆಲ್ಲ ಜಿಐ, ಅಂದ್ರೆ ಆ ಊರಿನವರಿಗೇ ಸೇರಿದ್ದು ಅನ್ನೋ ಕಾನೂನಿನ ಗುರುತು, ಇರೋವು, ಬಿದ್ರಿ, ಚನ್ನಪಟ್ಟಣ ಗೊಂಬೆ, ಕಿನ್ನಾಳ, ಸಂಡೂರು ಲಂಬಾಣಿ ಕಸೂತಿ, ನಮ್ಮ ಕಸೂತಿನೂ. ಮನೇಲಿ ಮರದ ಗೊಂಬೆಗೆ ಬಣ್ಣ ಹಚ್ಚಿ ಚನ್ನಪಟ್ಟಣದ್ದು ಅಂತ ಮಾರಬೇಡಿ ದಯವಿಟ್ಟು. ಅವರ ಅನ್ನ ಅದು.

ಎರಡನೇ ದಾರಿ, ಕೆಲಸಕ್ಕೆ ಹೋಗ್ತಾ ಸಂಜೆ ರಾತ್ರಿ ಕೈಕೆಲಸ. ಸಂಬಳ ಬರೋದ್ರಿಂದ ಬೆಲೆ ಇಳಿಸೋ ಒತ್ತಡ ಇಲ್ಲ, ಬೇಡ ಅನ್ನೋ ಧೈರ್ಯ ಇರತ್ತೆ. ಇವರಿಗೆ ಕಾಯೋ ಕೆಲಸಗಳು ಮಾತ್ರ ಸರಿ, ಕಸೂತಿ, ಕ್ರೋಶಾ ಥರದ್ದು. ಕುಚ್ಚನ್ನ ಶ್ರಾವಣ ಮತ್ತೆ ಮದುವೆ ಸೀಸನಲ್ಲಿ ಒಪ್ಕೊಂಡ್ರೆ ಆಫೀಸೂ ಹಾಳು, ನಿದ್ದೇನೂ ಹಾಳು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ನನ್ನ ಮನೇಲಿ ಒಂದೇ ಸಲ ಹನ್ನೊಂದು ಸೀರೆ ಇತ್ತು ಒಂದ್ಸಲ.

ಮೂರನೇದು ಹೇಳ್ಕೊಡೋದು. ದುಡ್ಡು ಮುಂಗಡ ಬರತ್ತೆ, ವಸ್ತು ಉಳಿದು ಹೋಗೋ ಭಯ ಇಲ್ಲ. ಕಸೂತಿ ಹೇಳ್ಕೊಡೋದು ಸುಲಭ, ಎಳೆ ದಪ್ಪಗೆ ಕಾಣೋ ಮ್ಯಾಟಿ ಬಟ್ಟೆ ಕೊಟ್ಟು ಮೆಂತಿಯಿಂದ ಶುರು ಮಾಡಿಸಿದ್ರೆ ಎರಡು ಗಂಟೇಲಿ ಒಂದು ಹೂ ಹಾಕಿ ಮನೆಗೆ ತಗೊಂಡು ಹೋಗ್ತಾರೆ. ಮಣ್ಣಿನ ಕ್ಲಾಸ್ ತಗೊಂಡ್ರೆ ಅವರು ಮಾಡಿದ್ದನ್ನ ನೀವು ಒಣಗಿಸಿ ಸುಟ್ಟು ಮತ್ತೆ ಕರೆದು ಕೊಡ್ಬೇಕು, ಅದರಲ್ಲಿ ಒಡೆದ್ರೆ ಮುಖ ಸಪ್ಪೆ ಮಾಡ್ಕೋತಾರೆ, ಮೊದಲೇ ಹೇಳಿಬಿಡಿ. ಬಣ್ಣದ ಕ್ಲಾಸಿಗೆ ಹತ್ತು ಜನಕ್ಕೆ ಬೇಕಾಗೋ ನೀರು ಮತ್ತೆ ಅಂಗಳ ಇಲ್ಲದಿದ್ರೆ ಯೋಚನೇನೇ ಮಾಡ್ಬೇಡಿ. ಆದ್ರೆ ಹೇಳ್ಕೊಡೋದ್ರಲ್ಲಿ ಒಂದು ಅಪಾಯ ಇದೆ, ವರ್ಷ ಪೂರ್ತಿ ಅದೇ ಮೊದಲ ಪಾಠ ಹೇಳ್ತಾ ನಿಮ್ಮ ಸ್ವಂತ ಕೈ ಅಲ್ಲೇ ನಿಂತು ಹೋಗತ್ತೆ. ನಾನು ತಿಂಗಳಿಗೆ ಎರಡಕ್ಕಿಂತ ಜಾಸ್ತಿ ಕ್ಲಾಸ್ ಇಡಲ್ಲ.

ನಾಲ್ಕನೇದು ನನ್ನದು. ಕಿನ್ನಾಳದವರಿಗೆ ಎಲ್ಲಾ ವಿದ್ಯೆ ಒಂದು ಗೊಂಬೆ ಮೇಲೆ ಸೇರೋ ಹಾಗೆ, ನಾನು ಎಲ್ಲಾನೂ ಒಂದು ಸೀರೆ ಮೇಲೆ ಸೇರಿಸಿದೆ. ಸೀರೆ ತಗೊಂಡು ಕುಚ್ಚಿಗೆ ಬಂದವ್ರಿಗೆ, ಇದೇ ಬಣ್ಣದ ದಾರದಲ್ಲಿ ಬ್ಲೌಸ್ ತೋಳಿಗೆ ಗೋಪುರದ ಕಸೂತಿ ಹಾಕ್ಲಾ, ಇದೇ ಅಂಚಿನ ಬಣ್ಣದಲ್ಲಿ ಮಣ್ಣಿನ ಜುಮಕಿ ಮಾಡ್ಲಾ ಅಂತ ಕೇಳ್ತೀನಿ. ಐದರಲ್ಲಿ ಇಬ್ಬರು ಹೂಂ ಅಂತಾರೆ. ಗಿರಾಕಿ ಒಬ್ಬರೇ, ಮಾರೋ ಗಂಟೆ ಹೊಸದಾಗಿ ಬೇಡ, ಮಣ್ಣಿನ ಲೆಕ್ಕದಲ್ಲಿ ನನ್ನ ಕೊಂದಿದ್ದು ಆ 16 ಗಂಟೆ ತಾನೇ, ಅದೇ ಇಲ್ಲಿ ಮಾಯ. ಜನ ನನ್ನ ನೆನಪಿಟ್ಕೊಳ್ಳೋದೂ ಸುಲಭ ಆಯ್ತು, "ಸೀರೆ ಕೊಟ್ರೆ ಸೆಟ್ ಮಾಡಿ ಕೊಡ್ತಾರೆ" ಅಂತ. ಐದು ಕೆಲಸ ಬರೋರಿಗೆಲ್ಲಾ ನಾನು ಇದನ್ನೇ ಹೇಳೋದು, ಕೆಲಸ ಬಿಡಬೇಡಿ, ಅವೆಲ್ಲಾ ಬಂದು ಕೂಡೋ ವಸ್ತು ಒಂದು ಹುಡುಕಿ. ನಿಮಗೆ ಅದು ತೊಟ್ಟಿಲು ಇರಬಹುದು, ಕುಲಾವಿ, ಕೌದಿ, ಗಿಲಕಿ ಎಲ್ಲಾ ಸೇರಿ ಬಾಣಂತಿ ಮನೆಗೆ ಹೋಗೋದು. ಮೈಸೂರು ಕಡೆಯವ್ರಿಗೆ ದಸರಾ ಗೊಂಬೆ ಹಬ್ಬ ಇರಬಹುದು, ಗೊಂಬೆ ಬಟ್ಟೆ, ಮಣ್ಣಿನ ಪುಟ್ಟ ಪಾತ್ರೆ, ಮೆಟ್ಟಿಲಿಗೆ ಹಾಸೋ ಬಟ್ಟೆ.

ಎಲ್ಲಿ ಮಾರೋದು, ಬೇಗ ಹೇಳ್ತೀನಿ

ಸಂತೆಗೆ ಕೈಗೆತ್ತಿಕೊಂಡ ತಕ್ಷಣ ಕೊಳ್ಳೋ ವಸ್ತು ಹೋಗ್ಲಿ, ಓಲೆ, ಬುಕ್‌ಮಾರ್ಕ್, ಪುಟ್ಟ ಪರ್ಸು. ಮೈಸೂರಿನ ಜೆಎಸ್‌ಎಸ್ ಅರ್ಬನ್ ಹಾತ್ ಮೇಳಗಳು, ಬೆಂಗಳೂರಿನ ಚಿತ್ರಕಲಾ ಪರಿಷತ್ತಲ್ಲಿ ನಡೆಯೋ ಕರಕುಶಲ ಮೇಳಗಳು, ದಸರಾ ವಸ್ತುಪ್ರದರ್ಶನ, ಇಲ್ಲೆಲ್ಲಾ ಮೊದಲು ಒಂದು ಸಲ ಗಿರಾಕಿ ಆಗಿ ಹೋಗಿ ಜನ ಯಾವ ಬೆಲೆಗೆ ಯೋಚನೆ ಮಾಡ್ದೇ ದುಡ್ಡು ತೆಗೀತಾರೆ ನೋಡಿ ಬನ್ನಿ. ಜನವರಿಯ ಚಿತ್ರಸಂತೆ ಮುಖ್ಯವಾಗಿ ಚಿತ್ರ ಬರೆಯೋರಿಗೆ, ಅದನ್ನ ಕರಕುಶಲ ಮೇಳ ಅಂದ್ಕೊಂಡು ಹೋಗಿ ಬೇಜಾರಾಗ್ಬೇಡಿ. ಇನ್‌ಸ್ಟಾಗ್ರಾಮ್ ನೋಡೋಕೆ, ವಾಟ್ಸಾಪ್ ಮಾರೋಕೆ, ನನ್ನ ಅನುಭವದಲ್ಲಿ ಇಷ್ಟೇ. ನೀಲಿ ಬಣ್ಣ ಬದಲಾಗೋ ವಿಡಿಯೋನ ಸಾವಿರಾರು ಜನ ನೋಡಿದ್ರು, ಆರ್ಡರ್ ಬಂದಿದ್ದು ಮಾತ್ರ ಹಳೇ ಗಿರಾಕಿಗಳ ಸ್ಟೇಟಸ್ ಇಂದ.

ಕಾಗದಪತ್ರದ ವಿಷಯ. ಕಾಗದದ ಮೇಲೆ ಮಾತ್ರ ಒಂದೇ ಕಸುಬು ಆಯ್ಕೆ ಮಾಡ್ಲೇಬೇಕಾಗತ್ತೆ. ಕೇಂದ್ರದ ಕರಕುಶಲ ಇಲಾಖೆ ಕೊಡೋ ಗುರುತಿನ ಚೀಟಿ, ಪೆಹಚಾನ್ ಕಾರ್ಡಲ್ಲಿ ನಿಮ್ಮ ಕಲೆಯ ಹೆಸರು ಬರತ್ತೆ, ಮೇಳಗಳಿಗೆ ಅರ್ಜಿ ಹಾಕೋವಾಗ ಅದು ಉಪಯೋಗಕ್ಕೆ ಬರತ್ತೆ. ಕುಶಲಕರ್ಮಿಗಳಿಗೆ ಅಂತ 2023ರ ಸೆಪ್ಟೆಂಬರಲ್ಲಿ ಶುರುವಾದ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೇಲಿ 18 ಕಸುಬಿದೆ, ಕುಂಬಾರಿಕೆ, ಹೊಲಿಗೆ, ಗೊಂಬೆ, ಬುಟ್ಟಿ ಚಾಪೆ ಇದೆ, ಕಸೂತಿ ಅಂತ ಬೇರೆ ಇಲ್ಲ. ಸಲಕರಣೆಗೆ 15,000ದ ತನಕ, ಅಡಮಾನ ಇಲ್ಲದೆ ಮೊದಲು 1 ಲಕ್ಷ ಆಮೇಲೆ 2 ಲಕ್ಷ ಸಾಲ, ಶೇ 5 ಬಡ್ಡಿ, ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಹಾಗಾಗಿ ಕಾಗದದಲ್ಲಿ ಯಾವುದಕ್ಕೆ ಸಲಕರಣೆ ದುಬಾರಿಯೋ ಅದನ್ನ ಹಾಕಿ, ಯಾವುದು ನಿಮ್ಮ ಹೆಮ್ಮೆಯೋ ಅದನ್ನಲ್ಲ. ಸಣ್ಣ ಉದ್ದಿಮೆಗಳಿಗೆ ಇರೋ ಉದ್ಯಮ್ ರಿಜಿಸ್ಟ್ರೇಷನ್ ಪೂರ್ತಿ ಉಚಿತ, ಮಾಡಿಸಿಕೊಡೋಕೆ ದುಡ್ಡು ಕೇಳೋರಿಗೆ ಕೊಡಬೇಡಿ.

ಸಾಮಾನಿಗೆ ಬೆಂಗಳೂರಿಗೆ ಹೋದಾಗ ಮಾಮೂಲ್‌ಪೇಟೆ, ನಗರ್ತಪೇಟೆ ಒಂದು ಸುತ್ತು ಹಾಕಿ. ಆದ್ರೆ ಐದು ಕೆಲಸ ಬರೋರಿಗೆ ಇದೇ ದೊಡ್ಡ ಗಂಡಾಂತರ, ಕಂಡಿದ್ದೆಲ್ಲಾ ಒಂದಲ್ಲಾ ಒಂದಕ್ಕೆ ಬೇಕಾಗತ್ತೆ ಅನ್ಸತ್ತೆ. ನಾನು ಈಗ ಮನೆಯಿಂದಲೇ ಚೀಟಿ ಬರ್ಕೊಂಡು, ಯಾರ ಆರ್ಡರ್‌ಗೆ ಅಂತ ಹೆಸರು ಸಮೇತ ಬರ್ಕೊಂಡು ಹೋಗೋದು, ಹೆಸರಿಲ್ಲದ ಮಣಿ ತರಲ್ಲ.

ಕೌದಿ

ಕೌದೀನ ಕೊನೆಗೆ ಇಟ್ಟಿದ್ದು ಯಾಕಂದ್ರೆ ಅದನ್ನ ನಾನು ಮಾರಲ್ಲ. ಹಳೇ ಸೀರೆಗಳ ಪದರ, ಮೇಲೆ ತುಂಡು ಬಟ್ಟೆ, ಉದ್ದಕ್ಕೂ ಸಾದಾ ಹೊಲಿಗೆ, ಸಾವಿರಾರು ಹೊಲಿಗೆ. ನೆಲದ ಮೇಲೆ ಹಾಸಿ ನಾಲ್ಕು ಜನ ನಾಲ್ಕು ಕಡೆ ಕೂತು ಮಾತಾಡ್ತಾ ಹೊಲಿಯೋದು ನಮ್ಮ ಕಡೆ ಪದ್ಧತಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸ್ರು ಕೌದಿ ಹೊಲಿಯೋವಾಗ ಅಂಚಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂ ಇಟ್ಟೇ ಮುಗಿಸೋದು. ಕೌದಿ ಎಲ್ಲಕ್ಕಿಂತ ಜಾಸ್ತಿ ಕಾಯತ್ತೆ, ವರ್ಷಗಟ್ಟಲೆ ಕಾಯತ್ತೆ. ಗಂಟೆ ಲೆಕ್ಕ ಹಾಕಿದ್ರೆ ಯಾರೂ ಕೊಳ್ಳೋ ಬೆಲೆ ಬರಲ್ಲ.

ಅದನ್ನ ಒಂದ್ಸಲ ಮಾರೋಕೆ ಹೋಗಿದ್ದೆ. ಒಬ್ರು ತಮ್ಮ ತಾಯಿ ಸೀರೆಗಳನ್ನ ಕೊಟ್ಟು ಕೌದಿ ಮಾಡಿಕೊಡಿ ಅಂದ್ರು, ತಾರೀಖು ಹಾಕಿದ್ರು, ನಾನೂ ಒಪ್ಕೊಂಡೆ. ಹೊಲೀತಾ ಹೋದ ಹಾಗೆ ನನ್ನ ಕೈ ಕುಚ್ಚು ಕಟ್ಟೋ ಕೈ ಆಗಿಬಿಡ್ತು, ಗಡಿಯಾರ ನೋಡೋದು, ಹೊಲಿಗೆ ಉದ್ದ ಮಾಡೋದು. ಕೊಟ್ಟಾಗ ಅವರು ಕಣ್ಣೀರಿಟ್ಟು ಖುಷಿ ಪಟ್ರು, ನನಗೆ ಮಾತ್ರ ಆ ಉದ್ದ ಹೊಲಿಗೆಗಳೇ ಕಾಣ್ತಿತ್ತು. ಅವತ್ತಿಂದ ಐದರಲ್ಲಿ ಒಂದಕ್ಕೆ ಬೆಲೆ ಕಟ್ಟಲ್ಲ ಅಂತ ತೀರ್ಮಾನ ಮಾಡ್ಕೊಂಡೆ. ನೀವೂ ಒಂದನ್ನ ಹಾಗೆ ಇಟ್ಕೊಳ್ಳಿ ಅಂತ ಕೈಮುಗಿದು ಕೇಳ್ತೀನಿ. ಯಾವುದು ಅಂತ ಗುರುತಿಸೋದು ಹೇಗೆ ಅಂದ್ರೆ, ಆರ್ಡರ್ ಎಲ್ಲಾ ಮುಗಿದ ರಾತ್ರಿ, ಮೈ ದಣಿದಿದ್ರೂ ಕೈ ತಾನಾಗೇ ಯಾವುದರ ಕಡೆ ಹೋಗತ್ತೋ ಅದು.

ನಿಮ್ಮ ಮನೆ ನೋಡಿ ಹೇಳೋದಾದ್ರೆ

ಒಂದೇ ರೂಮು, ಚಿಕ್ಕ ಮಕ್ಕಳು ಅಂದ್ರೆ ಕುಚ್ಚು ದುಡ್ಡಿಗೆ, ಕಸೂತಿ ಹೆಸರಿಗೆ. ಬೀರು ಒಂದಕ್ಕೆ ಬೀಗ ಇರ್ಲಿ, ಬೇರೆಯವರ ಸೀರೆ ಅದರಲ್ಲೇ. ತಾರಸಿ ಇದ್ದು ಬೆಳಿಗ್ಗೆ ಹೊತ್ತು ಯಾರೂ ಕರೆಯದ ಮೂರು ಗಂಟೆಯಷ್ಟು ಬಿಡುವು ಸಿಕ್ರೆ ಮಣ್ಣು ಸೇರಿಸ್ಕೊಳ್ಳಿ. ಮಣ್ಣು ಸುಡೋ ಸ್ವಂತ ಕಿಲ್ನ್ (ಗೂಡು) ಈಗಲೇ ತಗೋಬೇಡಿ, ಮೊದಲ ವರ್ಷ ಸುಡೋಕೆ ಕುಂಬಾರರ ಆವಿಗೇಲಿ ಅಥವಾ ಸ್ಟುಡಿಯೋ ಇರೋರ ಹತ್ರ ಜಾಗ ಕೇಳಿ, ಬೆಂಗಳೂರಲ್ಲಾದ್ರೆ ಪಾಟರಿ ಟೌನ್ ಕಡೆ ವಿಚಾರಿಸಿ. ಅಂಗಳ, ಬಾವಿ ನೀರು, ಜೊತೆಗೆ ಕೈಜೋಡಿಸೋ ಇನ್ನೊಬ್ರು ಇದ್ರೆ ಬಣ್ಣ. ಮೂರರಲ್ಲಿ ಒಂದಿಲ್ಲದಿದ್ರೂ ಬಣ್ಣಾನ ಆದಾಯ ಅಂತ ನಂಬ್ಕೋಬೇಡಿ.

ಕಳೆದ ವಾರ ಒಬ್ಬಳು ಹುಡುಗಿ ಬಂದಿದ್ಲು, ಕ್ರೋಶಾ, ಆರಿ (ಕೊಕ್ಕೆ ಸೂಜಿಯ ಹೊಲಿಗೆ), ಮಣ್ಣು ಮೂರೂ ಚೆನ್ನಾಗಿ ಬರತ್ತೆ, ಕೈಲಿ ಐದು ಸಾವಿರ ಇದೆ, ಮೊದಲು ಏನು ತಗೊಳ್ಲಿ ಅಂದ್ಲು. ಒಂದು ಒಳ್ಳೆ ಟೇಬಲ್ ಲ್ಯಾಂಪು, ಬೆನ್ನಿಗೆ ಒರಗು ಇರೋ ಕುರ್ಚಿ, ಒಂದು ಲೆಕ್ಕದ ಪುಸ್ತಕ ಅಂದೆ. ಮಣಿ ತಗೋಬೇಡ, ನಿನ್ನ ಹತ್ರ ಆಗ್ಲೇ ಇದೆ ಅಲ್ವಾ ಅಂದ್ರೆ ನಾಲ್ಕು ಡಬ್ಬಿ ಇದೆ ಅಕ್ಕಾ ಅಂದ್ಲು. ಆ ನಾಲ್ಕು ಡಬ್ಬಿ ಖಾಲಿ ಆಗೋ ತನಕ ಪ್ರತಿ ಕೆಲಸದ ಗಂಟೆ ಬರೆದಿಡು, ಡಬ್ಬಿ ಖಾಲಿ ಆದ ದಿನ ಪುಸ್ತಕ ತಗೊಂಡು ಬಾ, ಇಬ್ಬರೂ ಕೂತು ನೋಡೋಣ ಅಂತ ಕಳಿಸಿದೀನಿ.